ಎಣ್ಣೆ ಚರ್ಮ ಅಂದುಕೊಂಡಿದ್ದೆ: ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಎರಡು ಮಳೆಗಾಲದ ನಂತರ

ಬಳಸಿದ್ದು: ನೊರೆ ಕಮ್ಮಿ ಬರುವ ಫೇಸ್‌ವಾಶ್, ಜೆಲ್ ತರಹದ ಮಾಯಿಶ್ಚರೈಸರ್, ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಸಂಖ್ಯೆ) 50ರ ಸನ್‌ಸ್ಕ್ರೀನ್. ಯಾವಾಗಿನಿಂದ: 2023ರ ಡಿಸೆಂಬರ್. ಎಲ್ಲಿ: ಬದಿಯಡ್ಕ, ಕಾಸರಗೋಡು ಜಿಲ್ಲೆ.

ಊರಿನ ಹೆಸರನ್ನು ಸುಮ್ನೆ ಹಾಕಿದ್ದಲ್ಲ. ಬೆಂಗಳೂರಿನ ತಂಪಿನಲ್ಲಿ ಕುಳಿತವರು ಹೊಗಳಿದ ಕ್ರೀಮನ್ನು ನಾನು ಮೊದಲು ತರಿಸಿದ್ದೆ. ಇಲ್ಲಿನ ಸೆಖೆಗೆ ಅದು ಮುಖದ ಮೇಲೆ ಮೊಸರಿನ ಹಾಗೆ ನಿಂತಿತು, ಒಳಗೆ ಹೋಗಲೇ ಇಲ್ಲ.

ನನಗೆ 43 ವರ್ಷ. ಕಾಸರಗೋಡು ಪೇಟೆಯ ಒಂದು ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೆಲಸ. ಬೆಳಿಗ್ಗೆ ಬೈಕಿನಲ್ಲಿ ಚೆರ್ಕಳದವರೆಗೆ, ಅಲ್ಲಿಂದ ಹೈವೇ. ಆರು ಲೇನಿನ ಕೆಲಸ ಜೋರಾಗಿದ್ದ ದಿನಗಳಲ್ಲಿ ಹೆಲ್ಮೆಟ್ ತೆಗೆದು ಮುಖ ಒರೆಸಿದರೆ ಕರವಸ್ತ್ರ ಧೂಳಿಗೆ ಕೆಂಪಾಗುತ್ತಿತ್ತು. ಆಮೇಲೆ ಸಂಜೆವರೆಗೆ ಎಸಿ. ಮುಖ ಯಾವಾಗಲೂ ಮಿನುಗುತ್ತದೆ, ಹಾಗಾಗಿ ನನ್ನದು ಎಣ್ಣೆ ಚರ್ಮ ಅಂತ ಕಾಲೇಜಿನ ದಿನಗಳಿಂದ ನಂಬಿದ್ದೆ. ದಿನಕ್ಕೆ ನಾಲ್ಕು ಸಲ ಮೈಸೋಪಿನಿಂದಲೇ ಮುಖ ತೊಳೆಯುತ್ತಿದ್ದೆ. ತೊಳೆದ ಮೇಲೆ ಚರ್ಮ ಬಿಗಿದು ಕಿರ್ ಅನ್ನಬೇಕು, ಆಗಲೇ ಸಮಾಧಾನ. ನಮ್ಮ ಮನೆಗೆ ಸುರಂಗದ ನೀರು. ಗುಡ್ಡದ ಮುರಕಲ್ಲಿಗೆ ಅಡ್ಡಕ್ಕೆ ಕೊರೆದ ಸುರಂಗ, ನಮ್ಮ ಕಡೆಯವರಿಗೆ ಗೊತ್ತು. ಮೆದು ನೀರು. ಸೋಪು ಸ್ವಲ್ಪ ತಾಗಿದರೆ ನೊರೆಯೋ ನೊರೆ, ಎಷ್ಟು ತೊಳೆದರೂ ಜಾರುತ್ತದೆ. ಅದನ್ನೂ ನಾನು ಎಣ್ಣೆ ಅಂತಲೇ ಲೆಕ್ಕ ಹಾಕಿದ್ದೆ!

ಆದರೆ ಶೇವ್ ಮಾಡಿದ ದಿನ ಕೆನ್ನೆ ಉರಿ. ಡಿಸೆಂಬರಿನಲ್ಲಿ ಮೂಗಿನ ಪಕ್ಕ ಬಿಳಿ ಪುಡಿ. ಎಣ್ಣೆ ಚರ್ಮದವನಿಗೆ ಇದು ಎಂತಕ್ಕೆ? ಒಂದು ಮೆಡಿಕಲ್ ಶಾಪಿನವರು ಸಣ್ಣ ಟ್ಯೂಬ್ ಕೊಟ್ಟರು. ನಾಲ್ಕೇ ದಿನದಲ್ಲಿ ಮುಖ ಮಕ್ಕಳ ಮುಖದ ಹಾಗೆ ಆಯಿತು. ಖುಷಿಯಾಗಿ ನಾಲ್ಕು ತಿಂಗಳು ಹಚ್ಚಿದೆ. ಬಿಟ್ಟ ವಾರದಲ್ಲಿ ಕೆನ್ನೆ ಕೆಂಪಾಗಿ, ಬಿಸಿಲಿಗೆ ಹೋದರೆ ಮೆಣಸು ಅರೆದು ಹಚ್ಚಿದ ಹಾಗೆ. ಮಂಗಳೂರಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಮೂರು ಗಂಟೆ ಕಾದದ್ದು, ಐದು ನಿಮಿಷ ಮಾತು. ಅವರು ಮುಖಕ್ಕಿಂತ ಮೊದಲು ಟ್ಯೂಬ್ ನೋಡಿದರು. ಒಳಗಿದ್ದದ್ದು ಸ್ಟೆರಾಯ್ಡ್. 2018ರಿಂದ ಇಂಥ ಮುಲಾಮುಗಳಿಗೆ ಡಾಕ್ಟರ ಚೀಟಿ ಬೇಕು ಅಂತ ಕಾನೂನು ಬಿಗಿ ಮಾಡಿದ್ದಾರೆ. ಅದು ಆ ದಿನವೇ ನನಗೆ ಗೊತ್ತಾದದ್ದು. ಸರಿಯಾಗಲು ಆರು ತಿಂಗಳು ಹಿಡಿಯಿತು. ಹೊರಡುವಾಗ ಡಾಕ್ಟರು ಒಂದು ಮಾತು ಹೇಳಿದರು: "ಸೋಪು ಬಿಡಿ. ನಿಮ್ಮದು ಎಣ್ಣೆ ಚರ್ಮ ಅಂತ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ, ಮಾರಾಯ್ರೆ.

ಚರ್ಮ ಯಾವ ತರಹದ್ದು ಅಂತ ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತಿರುವಂಥದ್ದೇ. ಸೌಮ್ಯ ಫೇಸ್‌ವಾಶ್‌ನಿಂದ ಮುಖ ತೊಳೆದು, ಒತ್ತಿ ಒರೆಸಿ, ಏನೂ ಹಚ್ಚದೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ಇಡೀ ಮುಖ ಮಿನುಗಿದರೆ ಎಣ್ಣೆ ಚರ್ಮ, ಬಿಗಿದರೆ ಒಣ ಚರ್ಮ, ಹಣೆ ಮೂಗು ಮಾತ್ರ ಮಿನುಗಿದರೆ ಮಿಶ್ರ. ಏನೂ ಅನ್ನಿಸದವರು ಪುಣ್ಯವಂತರು. ಇದನ್ನು ನಾನು ಮೊದಲ ಸಲ ಮಾಡಿದ್ದು ಏಪ್ರಿಲಿನಲ್ಲಿ, ಮಧ್ಯಾಹ್ನ, ಕರೆಂಟ್ ಹೋಗಿದ್ದಾಗ. ಆ ಹೊತ್ತಿಗೆ ನಮ್ಮೂರಿನಲ್ಲಿ ಗೋಡೆಯೂ ಮಿನುಗುತ್ತದೆ.

ದಾರಿ ತೋರಿಸಿದ್ದು ಪ್ಲಸ್ ಟು ಓದುವ ಮಗಳು. "ಅಪ್ಪಾ, ಅದು ಬೆವರು. ಟಿಶ್ಯೂ ಒತ್ತಿ ನೋಡಿ" ಅಂದಳು. ಒತ್ತಿದೆವು. ಹಣೆಯ ಕಾಗದ, ಮೂಗಿನ ಕಾಗದ, ಎರಡು ಕೆನ್ನೆಯ ಕಾಗದ, ನಾಲ್ಕನ್ನೂ ಕಿಟಕಿಯ ದಳಿಗೆ ಸಿಕ್ಕಿಸಿ ಕಾದೆವು. ಹತ್ತು ನಿಮಿಷದಲ್ಲಿ ಕೆನ್ನೆಯದ್ದು ಒಣಗಿ ಹೊಸ ಕಾಗದದ ಹಾಗೆ ಆಯಿತು. ಮೂಗಿನದ್ದು ಮಾತ್ರ ಗೋಳಿಬಜೆ ಕಟ್ಟಿಕೊಟ್ಟ ಪೇಪರಿನ ಹಾಗೆ ಆಚೆ ಈಚೆ ಕಾಣುವಷ್ಟು ಪಾರದರ್ಶಕ. ಹಣೆಯದ್ದು ಅರ್ಧಂಬರ್ಧ. ಡಿಸೆಂಬರಿನ ಬೆಳಗ್ಗೆ ಮತ್ತೊಮ್ಮೆ ಮಾಡಿದಾಗಲೂ ಅದೇ. ಮೂಗಿನಲ್ಲಿ ಎಣ್ಣೆ, ಕೆನ್ನೆ ಒಣ, ಮೇಲಿಂದ ಬೆವರು. ಕರಾವಳಿಯವರು ಈ ಪರೀಕ್ಷೆಯನ್ನು ಕನ್ನಡಿ ನೋಡಿ ಮಾಡುವುದು ದಂಡ, ಕಾಗದ ಒಣಗಿಸಿಯೇ ನೋಡಿ.

ಇನ್ನು ಒಂದೊಂದಾಗಿ.

ಫೇಸ್‌ವಾಶ್. ಮೂರರಲ್ಲಿ ಅತಿ ದೊಡ್ಡ ವ್ಯತ್ಯಾಸ ಮಾಡಿದ್ದು ಇದೇ. ಚರ್ಮದ ಮೇಲ್ಮೈಯ ಪಿಎಚ್ ಸುಮಾರು 5ರ ಆಸುಪಾಸು, ಅಂದರೆ ಸ್ವಲ್ಪ ಹುಳಿ. ಸಾಮಾನ್ಯ ಸೋಪಿನದ್ದು 9ರಿಂದ 10, ಕ್ಷಾರ. ಸೋಪು ಕೊಳೆಯ ಜೊತೆ ಚರ್ಮದ ತೇವ ಹಿಡಿದಿಡುವ ಕೊಬ್ಬನ್ನೂ ತೊಳೆದುಕೊಂಡು ಹೋಗುತ್ತದೆ. ಕಿರ್ ಅನ್ನುತ್ತಿದ್ದದ್ದು ಸ್ವಚ್ಛತೆಯ ಸದ್ದಲ್ಲ! ಈಗ ಬೆಳಿಗ್ಗೆ ಒಮ್ಮೆ, ಸಂಜೆ ಮನೆಗೆ ಬಂದು ಒಮ್ಮೆ. ನಡುವೆ ಬೆವರಿದರೆ ಬರೀ ನೀರು, ಬೈರಾಸಿನಿಂದ (ಟವೆಲಿನಿಂದ) ಒತ್ತಿ ಒರೆಸುವುದು. ಮೊದಲ ಎರಡು ವಾರ ನೊರೆ ಇಲ್ಲದೆ ಏನೂ ತೊಳೆದ ಹಾಗೆ ಆಗುತ್ತಿರಲಿಲ್ಲ, ಕಳ್ಳಸ್ನಾನ ಮಾಡಿದ ಹಾಗೆ. ಮೂರನೇ ವಾರಕ್ಕೆ ಶೇವಿಂಗ್ ಉರಿ ಹೋಯಿತು.

ಕೊಳ್ಳಲು ಹೋದ ದಿನ ಅಂಗಡಿಯ ಹುಡುಗ ಟ್ಯೂಬನ್ನು ನೋಡಿ ನನ್ನನ್ನು ನೋಡಿದ. "ಭಾರ್ಯಕ್ಕಾಣೋ?" ಮಲಯಾಳದಲ್ಲಿ, ಹೆಂಡತಿಗಾ ಅಂತ. "ಅಲ್ಲ, ಎನಿಕ್ಕು ತನ್ನೆ", ನನಗೇ ಅಂದೆ. ಪಕ್ಕದಲ್ಲಿ ಬಿ.ಪಿ. ಮಾತ್ರೆಗೆ ನಿಂತಿದ್ದ ಹಿರಿಯರೊಬ್ಬರು ನಕ್ಕರು. ನಾನೂ ನಕ್ಕೆ.

ಮಾಯಿಶ್ಚರೈಸರ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಗ್ಲಿಸರಿನ್, ಸೆರಮೈಡ್ (ಚರ್ಮದಲ್ಲೇ ಇರುವ ಒಂದು ತರಹದ ಕೊಬ್ಬು) ಇರುವುದು, ಸುವಾಸನೆ ಇಲ್ಲದ್ದು. ಮುಖ ಸ್ವಲ್ಪ ಚಂಡಿ (ಒದ್ದೆ) ಇರುವಾಗಲೇ ಹಚ್ಚಬೇಕು. ಮಳೆಗಾಲದಲ್ಲಿ ಕೆನ್ನೆಗೆ ಮಾತ್ರ, ಎಸಿಯಲ್ಲಿ ಕೂರುವ ನನಗೆ ಅದೂ ಬೇಕೇ ಬೇಕು. "ತೆಂಗಿನೆಣ್ಣೆ ಇರುವಾಗ ಇದೆಂತದ್ದು?" ಅಂತ ಅಮ್ಮ ಕೇಳುತ್ತಾರೆ. ಕೈಕಾಲಿಗೆ ಎಣ್ಣೆ ಒಳ್ಳೆಯದೇ, ನಾನೂ ಹಚ್ಚುತ್ತೇನೆ. ಆದರೆ ಅದು ರಂಧ್ರ ಮುಚ್ಚುವ ಜಾತಿಯದ್ದು. ರಾತ್ರಿ ತಲೆಗೆ ಹಾಕಿ ಮಲಗಿದರೆ ಬೆಳಿಗ್ಗೆ ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ, ನನಗಂತೂ ಪ್ರತಿ ಸಲ.

ಸನ್‌ಸ್ಕ್ರೀನಿನ ಕಥೆ ಉದ್ದ. ಮೊದಲು ತಂದದ್ದು ಜಿಂಕ್ ಆಕ್ಸೈಡ್ ಇರುವುದು. ಹಚ್ಚಿಕೊಂಡು ಹೊರಗೆ ಬಂದರೆ ಯಕ್ಷಗಾನದ ಚೌಕಿಯಿಂದ (ಬಣ್ಣ ಹಚ್ಚುವ ಕೋಣೆಯಿಂದ) ಅರ್ಧ ಬಣ್ಣದಲ್ಲಿ ಎದ್ದು ಬಂದ ವೇಷಧಾರಿಯ ಹಾಗೆ ಇದ್ದೆ. ಮನೆಯವಳು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟಿದ್ದಾಳೆ. ತೊಳೆದರೂ ಪೂರ್ತಿ ಹೋಗಲಿಲ್ಲ. ವೇಷದವರು ಬಣ್ಣ ತೆಗೆಯುವ ಹಾಗೆ ತೆಂಗಿನೆಣ್ಣೆ ತಿಕ್ಕಿ ತೆಗೆದೆ. ಅದು ಹೋಯಿತು, ಎರಡು ದಿನ ಬಿಟ್ಟು ಗುಳ್ಳೆ ಬಂತು. ಎರಡನೆಯದ್ದು ಬಿಳಿ ಆಗುತ್ತಿರಲಿಲ್ಲ, ಆದರೆ ಬೆವರಿನ ಜೊತೆ ಇಳಿದು ಕಣ್ಣು ಉರಿ. ಹೈವೇಯಲ್ಲಿ ಒಂದು ಕಣ್ಣು ಮುಚ್ಚಿ ಬೈಕ್ ಬಿಟ್ಟಿದ್ದೇನೆ. ಮೂರನೆಯದ್ದು ಜೆಲ್, ನೀರಿಗೆ ತಡೆಯುವುದು. ಅದೇ ಈಗಲೂ ನಡೆಯುತ್ತಿದೆ. ಹುಬ್ಬಿನ ಮೇಲೆ ಒಂದು ಬೆರಳು ಜಾಗ ಬಿಟ್ಟು ಹಚ್ಚುತ್ತೇನೆ.

ಟ್ಯೂಬಿನ ಮೇಲಿನ ಸಂಖ್ಯೆಗೆ ಮರುಳಾಗಬೇಡಿ. ಎಸ್‌ಪಿಎಫ್ 30 ಸುಮಾರು 97 ಶೇಕಡಾ ಯುವಿಬಿ (ಚರ್ಮ ಸುಡುವ) ಕಿರಣ ತಡೆದರೆ 50 ತಡೆಯುವುದು 98. ಆದರೆ ಆ ಲೆಕ್ಕ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗಿನದ್ದು. ನಾವು ಹಚ್ಚುವುದು ಕಡಲೆ ಬೀಜದಷ್ಟು! ಎರಡು ಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಎಳೆದರೆ ಮುಖ ಕುತ್ತಿಗೆಗೆ ಸರಿ. ಹಾಗೆ ಹಚ್ಚಿದರೆ 50 ಗ್ರಾಂ ಟ್ಯೂಬ್ ನನಗೆ ಒಂದೂವರೆ ತಿಂಗಳು, ಹೆಚ್ಚೆಂದರೆ ಎರಡು. ಇಡೀ ವ್ಯವಹಾರದಲ್ಲಿ ಜೇಬಿಗೆ ಕತ್ತರಿ ಇದೊಂದೇ. ಚರ್ಮ ಕಪ್ಪು ಮಾಡುವ ಯುವಿಎ ಕಿರಣಕ್ಕೆ ಟ್ಯೂಬಿನ ಮೇಲೆ ಪಿಎ ಅಕ್ಷರಗಳ ಪಕ್ಕದ ಪ್ಲಸ್ ಗುರುತು ನೋಡಿ, ನಾಲ್ಕಿದ್ದರೆ ಒಳ್ಳೆಯದು. ಯುವಿಎ ಕಿಟಕಿಯ ಗಾಜು ದಾಟಿ ಬರುತ್ತದೆ. ನನ್ನ ಕೌಂಟರಿನ ಎಡಕ್ಕೆ ದೊಡ್ಡ ಗಾಜು ಉಂಟು, ಎಡಕೆನ್ನೆಯೇ ಜಾಸ್ತಿ ಕಪ್ಪು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಆಕಾಶವೇ ಕಾಣದ ದಿನಗಳಲ್ಲಿ, ನಾನು ಹಚ್ಚುವುದಿಲ್ಲ. ಮೋಡ ದಾಟಿಯೂ ಕಿರಣ ಬರುತ್ತದೆ ಅಂತ ಗೊತ್ತು. ಆದರೆ ರೈನ್‌ಕೋಟಿನ ಒಳಗೆ ಬೆವರುತ್ತ ಅದೊಂದು ಸಾಧ್ಯವಿಲ್ಲ.

ಇನ್ನೊಂದು ವಿಷಯ, ಇದು ನಮ್ಮ ಜಿಲ್ಲೆಯವರಿಗೆ. ಗಲ್ಫಿನಿಂದ ಬರುವ ಪೆಟ್ಟಿಗೆಯಲ್ಲಿ ಬಿಳಿ ಮಾಡುವ ಕ್ರೀಮು ಬಂದರೆ ಲೇಬಲ್ ಓದದೆ ಮುಟ್ಟಬೇಡಿ. 2023ರಲ್ಲಿ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ಇಂಥ ಕ್ರೀಮು ಹಚ್ಚಿದವರಿಗೆ ಕಿಡ್ನಿ ರೋಗ ಬಂದದ್ದನ್ನು ಡಾಕ್ಟರುಗಳು ಪತ್ತೆ ಮಾಡಿದರು. ಕಾರಣ ಪಾದರಸ. ನಮ್ಮ ಮನೆಗೂ ಒಂದು ಡಬ್ಬಿ ಬಂದಿತ್ತು. ತಯಾರಿಸಿದವರ ವಿಳಾಸವೂ ಇಲ್ಲ, ಒಳಗೇನುಂಟು ಅಂತಲೂ ಇಲ್ಲ. ಕೊಟ್ಟವರಿಗೆ ಬೇಸರವಾಗಬಾರದು ಅಂತ ಷೋಕೇಸಿನಲ್ಲಿ ಹಾಗೇ ಇಟ್ಟಿದ್ದೇವೆ, ಮುಚ್ಚಳ ತೆಗೆದಿಲ್ಲ.

ಈಗ ನನ್ನ ಅಂಕ, ಐದಕ್ಕೆ. ಫೇಸ್‌ವಾಶ್‌ಗೆ ಐದು. ಮಾಯಿಶ್ಚರೈಸರಿಗೆ ನಾಲ್ಕು, ಅದರ ಪಂಪ್ ಕೊನೆಯ ಕಾಲು ಭಾಗವನ್ನು ಮೇಲೆತ್ತುವುದಿಲ್ಲ, ಬಾಟಲಿ ಕೊಯ್ದು ತೆಗೆಯಬೇಕು. ಸನ್‌ಸ್ಕ್ರೀನಿಗೆ ಮೂರು, ಬೆಲೆಗಾಗಿ. ಮುಖ ಬಿಳಿಯಾಗಿದೆಯಾ ಅಂತ ಕೇಳುವವರಿಗೆ, ಇಲ್ಲ. ಎಡಕೆನ್ನೆಯ ಕಪ್ಪು ಇನ್ನೂ ಉಂಟು, ಸ್ವಲ್ಪ ತಿಳಿಯಾಗಿದೆ ಅಷ್ಟೇ. ಹೊಸದಾಗಿ ಶುರು ಮಾಡುವವರು ಮೂರನ್ನೂ ಒಂದೇ ದಿನ ತರಬೇಡಿ. ಫೇಸ್‌ವಾಶ್ ಒಂದನ್ನೇ ತಂದು ಒಂದು ತಿಂಗಳು ನೋಡಿ, ಹಳೆ ಚರ್ಮ ಹೋಗಿ ಹೊಸದು ಮೇಲೆ ಬರಲು ಸುಮಾರು ಅಷ್ಟು ದಿನ ಬೇಕು. ಯಾವುದನ್ನೇ ಆಗಲಿ ಮೊದಲು ಕಿವಿಯ ಹಿಂದೆ ಎರಡು ಮೂರು ದಿನ ಹಚ್ಚಿ. ಟಿಶ್ಯೂ ಇಲ್ಲದಿದ್ದರೆ ಬೇಕರಿಯವರು ಕೊಡುವ ತೆಳು ಕಾಗದವೂ ಆಗುತ್ತದೆ, ನಾವು ಎರಡನೇ ಸಲ ಅದರಲ್ಲೇ ನೋಡಿದ್ದು.