ಕೆ-ಜೆಟ್ರಾನಿಕ್ ಕಾರಿಗೊಂದು ಪ್ರೆಶರ್ ಗೇಜ್ ಕಿಟ್: ಮಂಗಳೂರಿನ ಮಳೆಗಾಲದ ಅನುಭವ

ಕದ್ರಿಯ ನಮ್ಮ ಮನೆಯಲ್ಲಿರುವ 1984ರ ಮರ್ಸಿಡಿಸ್ 230ಇ ಈ ಮಳೆಗಾಲದಲ್ಲಿ ಬೆಳಗಿನ ಹೊತ್ತು ಹಟ ಹಿಡಿಯತೊಡಗಿತು. ಸ್ಟಾರ್ಟರ್ ಹತ್ತು ಹನ್ನೆರಡು ಸೆಕೆಂಡು ತಿರುಗಿದ ಮೇಲೆ ಕೆಮ್ಮುತ್ತಾ ಹೊತ್ತಿಕೊಳ್ಳುತ್ತಿದ್ದ ಎಂಜಿನ್, ಬಿಸಿಯಾದ ಬಳಿಕ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ನಗರದ ಒಂದು ಗ್ಯಾರೇಜಿನವರು ಯಾವ ಅಳತೆಯನ್ನೂ ತೆಗೆದುಕೊಳ್ಳದೆ, ಕೋಲ್ಡ್ ಸ್ಟಾರ್ಟ್ ಇಂಜೆಕ್ಟರ್ (ತಣ್ಣಗಿನ ಎಂಜಿನ್‌ಗೆ ಹೆಚ್ಚುವರಿ ಪೆಟ್ರೋಲ್ ಚಿಮ್ಮುವ ಭಾಗ) ಮತ್ತು ಫ್ಯುಯೆಲ್ ಅಕ್ಯುಮ್ಯುಲೇಟರ್ (ಪಂಪ್ ನಿಂತ ಮೇಲೂ ಪೆಟ್ರೋಲಿನ ಒತ್ತಡ ಹಿಡಿದಿಡುವ ಭಾಗ) ಎರಡನ್ನೂ ಬದಲಿಸಬೇಕೆಂದು 26,000 ರೂಪಾಯಿಯ ಅಂದಾಜು ಬರೆದುಕೊಟ್ಟರು. ಆ ಚೀಟಿಯನ್ನು ಮಡಚಿಟ್ಟು ನಾನು ಆನ್‌ಲೈನ್‌ನಲ್ಲಿ 3,800 ರೂಪಾಯಿಗೆ ತರಿಸಿದ ಪ್ರೆಶರ್ ಗೇಜ್ ಕಿಟ್‌ನ ವಿಮರ್ಶೆ ಇದು.

ಈ ಕಾರಿನಲ್ಲಿರುವುದು ಬಾಷ್ ಕಂಪನಿ 1973ರಲ್ಲಿ ಬಳಕೆಗೆ ತಂದ ಕೆ-ಜೆಟ್ರಾನಿಕ್ ಎಂಬ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆ. ಇದರಲ್ಲಿ ಪೆಟ್ರೋಲಿನ ಲೆಕ್ಕ ಇಡುವುದು ಕಂಪ್ಯೂಟರ್ ಅಲ್ಲ, ಒತ್ತಡ. ಒಳಬರುವ ಗಾಳಿ ಒಂದು ತಟ್ಟೆಯನ್ನು ಎತ್ತುತ್ತದೆ, ತಟ್ಟೆ ಸಿಲಿಂಡರ್‌ಗಳಿಗೆ ಪೆಟ್ರೋಲ್ ಹಂಚುವ ಫ್ಯುಯೆಲ್ ಡಿಸ್ಟ್ರಿಬ್ಯೂಟರ್‌ನ ಪ್ಲಂಜರನ್ನು (ಮೇಲೆ ಕೆಳಗೆ ಸರಿಯುವ ದಂಡವನ್ನು) ಎತ್ತುತ್ತದೆ, ಆ ಪ್ಲಂಜರನ್ನು ಮೇಲಿನಿಂದ ಕಂಟ್ರೋಲ್ ಪ್ರೆಶರ್ ಎಂಬ ಪೆಟ್ರೋಲಿನ ಒತ್ತಡ ಅದುಮಿ ಹಿಡಿಯುತ್ತದೆ. ಎಂಜಿನ್ ತಣ್ಣಗಿರುವಾಗ ವಾರ್ಮ್-ಅಪ್ ರೆಗ್ಯುಲೇಟರ್ ಈ ಒತ್ತಡವನ್ನು ಇಳಿಸುವುದರಿಂದ ಪ್ಲಂಜರ್ ಹೆಚ್ಚು ಮೇಲೇರಿ ಪೆಟ್ರೋಲ್ ಧಾರಾಳವಾಗಿ ಹರಿಯುತ್ತದೆ. ಹಾಗಾಗಿ ಗೇಜ್ ಇಲ್ಲದೆ ಹೇಳುವ ಯಾವ ರೋಗನಿರ್ಣಯವೂ ಕಣಿ ಹೇಳಿದಂತೆಯೇ.

ಕಿಟ್‌ನಲ್ಲಿ 10 ಬಾರ್‌ವರೆಗಿನ (ಬಾರ್ ಎಂದರೆ ಒತ್ತಡದ ಅಳತೆ) ಗೇಜ್, ವಾಲ್ವ್, ಎರಡು ಹೋಸ್ ಮತ್ತು ಹಿತ್ತಾಳೆಯ ಅಡಾಪ್ಟರ್‌ಗಳಿವೆ. ಗೇಜ್‌ನ ಮುಳ್ಳು ನಂಬಿಕೆಗೆ ಅರ್ಹವಾಗಿದೆಯಾದರೂ, ನಮಗೆ ಮುಖ್ಯವಾದ 1ರಿಂದ 2 ಬಾರ್ ನಡುವಿನ ಗೆರೆಗಳು ಇಕ್ಕಟ್ಟಾಗಿದ್ದು ನನ್ನ ವಯಸ್ಸಿನ ಕಣ್ಣಿಗೆ ಕಷ್ಟ. ತಾಮ್ರದ ವಾಷರ್‌ಗಳು ಮೊದಲ ಬಾರಿಗೇ ಒಸರಿದ್ದರಿಂದ ಬಂದರಿನ ಅಂಗಡಿಯೊಂದರಿಂದ ಬೇರೆ ತರಬೇಕಾಯಿತು. ಪೆಟ್ರೋಲ್ ಒಸರುವುದು ತಮಾಷೆಯ ಮಾತಲ್ಲ; ಪಕ್ಕದಲ್ಲಿ ಅಗ್ನಿಶಾಮಕವಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಗೇಜನ್ನು ಡಿಸ್ಟ್ರಿಬ್ಯೂಟರ್ ಮತ್ತು ರೆಗ್ಯುಲೇಟರ್ ನಡುವೆ, ವಾಲ್ವ್ ರೆಗ್ಯುಲೇಟರ್‌ನ ಕಡೆಗೆ ಬರುವಂತೆ ಜೋಡಿಸಬೇಕು. ರಾತ್ರಿಯಿಡೀ ನಿಂತಿದ್ದ ಕಾರಿನಲ್ಲಿ, ರೆಗ್ಯುಲೇಟರ್ ಬಿಸಿಯೇರದಂತೆ ಅದರ ವಿದ್ಯುತ್ ಪ್ಲಗ್ ಕಳಚಿ, ಎಂಜಿನ್ ಚಾಲೂ ಮಾಡದೆ ಪಂಪನ್ನಷ್ಟೇ ಓಡಿಸಿದೆ. (ಆಗ ಗಾಳಿಯ ತಟ್ಟೆಯನ್ನು ಮುಟ್ಟಿದರೆ ಸಿಲಿಂಡರ್‌ಗಳಲ್ಲಿ ಪೆಟ್ರೋಲ್ ತುಂಬುತ್ತದೆ.) ವಾಲ್ವ್ ಮುಚ್ಚಿದಾಗ ಸಿಸ್ಟಮ್ ಪ್ರೆಶರ್, ಅಂದರೆ ವ್ಯವಸ್ಥೆಯ ಮೂಲ ಒತ್ತಡ, 5 ಬಾರ್ ದಾಟಿತು, ಅದು ಸರಿ. ವಾಲ್ವ್ ತೆರೆದು ಕಂಟ್ರೋಲ್ ಪ್ರೆಶರ್ ನೋಡಿದಾಗ 2 ಬಾರ್‌ಗಿಂತ ಕೆಳಗಿರಬೇಕಿದ್ದ ಮುಳ್ಳು 3.2ರಲ್ಲಿ ನಿಂತಿತು, ತಣ್ಣಗಿನ ಎಂಜಿನ್‌ಗೆ ಹೆಚ್ಚುಕಡಿಮೆ ಬಿಸಿ ಎಂಜಿನ್‌ನ ಪಡಿತರವೇ ಸಿಗುತ್ತಿತ್ತು. ಪಂಪ್ ನಿಲ್ಲಿಸಿ ಅರ್ಧ ಗಂಟೆ ಕಳೆದರೂ ಒತ್ತಡ 2.5ರ ಮೇಲೆಯೇ ಇದ್ದುದರಿಂದ, ಬದಲಿಸಬೇಕೆಂದಿದ್ದ ಅಕ್ಯುಮ್ಯುಲೇಟರ್ ಗಟ್ಟಿಮುಟ್ಟಾಗಿದೆಯೆಂದೂ ತಿಳಿಯಿತು.

ರೆಗ್ಯುಲೇಟರ್ ಬಿಚ್ಚಿದಾಗ, ಒಳದಾರಿಯ ಉಗುರಿನಷ್ಟೂ ಇಲ್ಲದ ಜಾಲರಿಯಲ್ಲಿ ಕೆಂಪು ತುಕ್ಕಿನ ಪುಡಿ ಮೆತ್ತಿಕೊಂಡು, ಒತ್ತಡ ಇಳಿಯದಂತೆ ದಾರಿ ಕಟ್ಟಿತ್ತು. ಅರ್ಧ ಖಾಲಿ ಟ್ಯಾಂಕಿನೊಂದಿಗೆ ಜೂನ್, ಜುಲೈ ಪೂರ್ತಿ ಕಾರನ್ನು ನಿಲ್ಲಿಸಿದ್ದೇ ನನ್ನ ತಪ್ಪಿರಬೇಕು: ಈಗ ಬಂಕ್‌ಗಳಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ನಮ್ಮ ಕರಾವಳಿಯ ತೇವವನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಜಾಲರಿ ತೊಳೆದ ಮೇಲೆ ಒತ್ತಡ 1.7ಕ್ಕೆ ಇಳಿಯಿತು, ಮರುದಿನ ಎಂಜಿನ್ ಎರಡನೇ ಸುತ್ತಿಗೇ ಹೊತ್ತಿಕೊಂಡಿತು.

ಗ್ಯಾರೇಜಿನವರು ದೂರಿದ್ದ ಕೋಲ್ಡ್ ಸ್ಟಾರ್ಟ್ ಇಂಜೆಕ್ಟರ್‌ನ ವಿಷಯಕ್ಕೆ ಬಂದರೆ, ಅದು ಎಷ್ಟು ಸೆಕೆಂಡು ಚಿಮ್ಮಬೇಕೆಂಬುದನ್ನು ನಿರ್ಧರಿಸುವುದು ಎಂಜಿನ್ ತಂಪಾಗಿಡುವ ನೀರಿನ ಉಷ್ಣಾಂಶವನ್ನು ನೋಡುವ ಥರ್ಮೋ-ಟೈಮ್ ಸ್ವಿಚ್. ಚಳಿಗಾಲದಲ್ಲೂ ಮೈ ಬೆವರುವ ಮಂಗಳೂರಿನಲ್ಲಿ ಆ ಇಂಜೆಕ್ಟರ್‌ಗೆ ಕೆಲಸವೇ ಕಡಿಮೆ.

ಸಡಿಲ ವಾಷರ್‌ಗಳಿಗೂ ಇಕ್ಕಟ್ಟಿನ ಗೆರೆಗಳಿಗೂ ಅಂಕ ಕಳೆದು ಕಿಟ್‌ಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಕೊಳ್ಳುವವರು ನಿಮ್ಮ ಕಾರಿನ ಅಡಾಪ್ಟರ್ ಅಳತೆಯನ್ನು ಮೊದಲೇ ನೋಡಿಕೊಳ್ಳಿ, ಸಾಧ್ಯವಾದರೆ 6 ಬಾರ್‌ನ ಗೇಜ್ ಇರುವುದನ್ನೇ ಆರಿಸಿ.