ಪ್ರಜಾವಾಣಿಯ ಅಭಿಪ್ರಾಯ ಪುಟ: ಹಳೇ ಓದುಗನೊಬ್ಬನ ವಿಮರ್ಶೆ

ನಮ್ಮ ಮನೆಗೆ ಪ್ರಜಾವಾಣಿ ಬರೋಕೆ ಶುರುವಾಗಿ ಬಹಳ ವರ್ಷ ಆಯಿತು. ಈಗ ಅರ್ಧ ಕಾಗದದಲ್ಲಿ, ಅರ್ಧ ಮೊಬೈಲಿನಲ್ಲಿ ಓದುತ್ತೇನೆ. ಇದು ಇಡೀ ಪತ್ರಿಕೆಯ ವಿಮರ್ಶೆ ಅಲ್ಲ. ಸಂಪಾದಕೀಯ, ಸಂಗತ ಅನ್ನುವ ಲೇಖನ, ಚುರುಮುರಿ ಅನ್ನುವ ಹಾಸ್ಯ ಅಂಕಣ, ಓದುಗರ ಪತ್ರಗಳ ವಾಚಕರ ವಾಣಿ, ಇಷ್ಟರ ಬಗ್ಗೆ ಮಾತ್ರ. ಸುದ್ದಿ ಎಲ್ಲಿ ಬೇಕಾದರೂ ಸಿಗುತ್ತದೆ. ನಾನು ದುಡ್ಡು ಕೊಡುತ್ತಿರುವುದು ಈ ಪುಟಕ್ಕೆ.

ರಾತ್ರಿ ಒಂಬತ್ತಕ್ಕೆ ಟಿವಿ ಹಾಕಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಬೆಳಿಗ್ಗೆ ನಡೆದ ಸಂಗತಿಗೆ ಸಂಜೆಯೊಳಗೆ ತೀರ್ಪು ಬಂದಿರುತ್ತದೆ. ಒಂದೇ ಪರದೆಯಲ್ಲಿ ಆರು ಮುಖ, ಒಬ್ಬರ ಮಾತೂ ಮುಗಿಯುವುದಿಲ್ಲ. ನನಗೆ ಬೇಕಿರುವುದು ಒಂದು ದಿನ ತಡವಾಗಿ ಬರುವ ಮಾತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್, ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ದೇಣಿಗೆ ಕೊಡುವ ಚುನಾವಣಾ ಬಾಂಡ್ ಯೋಜನೆಯನ್ನು ರದ್ದು ಮಾಡಿತಲ್ಲ, ಅಂಥ ಹೊತ್ತಲ್ಲಿ ಯಾವ ಪಕ್ಷಕ್ಕೆ ಪೆಟ್ಟು ಬಿತ್ತು ಅನ್ನೋದನ್ನ ಯಾರು ಬೇಕಾದರೂ ಹೇಳುತ್ತಾರೆ. ಪಕ್ಷಗಳಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ತಿಳಿಯುವುದು ಮತದಾರರ ಹಕ್ಕು ಎಂದು ಕೋರ್ಟ್ ಯಾಕೆ ಹೇಳಿತು? ಅದನ್ನು ಬಿಡಿಸಿ ಹೇಳೋಕೆ ಪುಟ ಬೇಕು, ಕೂಗಾಟ ಅಲ್ಲ.

ಈ ಪುಟದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ವಾಚಕರ ವಾಣಿ. ಬಹಳ ಜನ ಇದನ್ನು ಹಾರಿಸಿ ಮುಂದೆ ಹೋಗುತ್ತಾರೆ. ಹಾಗೆ ಮಾಡಬೇಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ. ಪರ ಇರುವವರು ಹೊಗಳಿದರು, ವಿರೋಧ ಇರುವವರು ಬಿಟ್ಟಿ ಭಾಗ್ಯ ಅಂದರು. ಟಿವಿಯಲ್ಲಿ ಮಾತು ಅಲ್ಲೇ ಸುತ್ತುತ್ತಿತ್ತು. ಪತ್ರಗಳಲ್ಲಿ ಬೇರೆಯದೇ ಕಾಣಿಸುತ್ತದೆ. ಕೂಲಿಗೆ ಹೋಗುವ ಹೆಂಗಸಿನ ಕೈಯಲ್ಲಿ ತಿಂಗಳ ಕೊನೆಗೆ ದುಡ್ಡು ಉಳಿಯುತ್ತದೆ ಅಂತ ಒಬ್ಬರು ಬರೆಯುತ್ತಾರೆ. ಕಾಲೇಜು ಹುಡುಗರಿಗೆ ಮೆಟ್ಟಿಲ ಮೇಲೆ ನಿಲ್ಲೋಕೂ ಜಾಗ ಇಲ್ಲ, ಬಸ್ ಜಾಸ್ತಿ ಬಿಡಿ ಅಂತ ಇನ್ನೊಬ್ಬರು. ಎರಡೂ ನಿಜ ಅಲ್ವಾ? ಇವರಿಬ್ಬರೂ ಪಕ್ಷದ ವಕ್ತಾರರಲ್ಲ. ಪತ್ರದ ಕೆಳಗೆ ಹೆಸರು ಮತ್ತು ಊರು, ಅಷ್ಟೇ. ಯೋಜನೆ ಬೇಕೋ ಬೇಡವೋ ಅನ್ನುವ ಜಗಳ ಬಿಟ್ಟು, ಬಸ್ ಎಷ್ಟು ಬೇಕು ಅನ್ನುವ ಲೆಕ್ಕಕ್ಕೆ ಮಾತು ಇಳಿಯುವುದು ಇಂಥ ಕಡೆ.

ಇನ್ನೊಂದು ವಿಷಯ. ದೊಡ್ಡ ಹೆಸರಿನವರ ಲೇಖನಕ್ಕೂ ಇಲ್ಲಿ ಉತ್ತರ ಬರುತ್ತದೆ. ಎರಡು ಮೂರು ದಿನ ಬಿಟ್ಟು ಯಾವುದೋ ಊರಿನ ಮೇಷ್ಟರೊಬ್ಬರು ‘ಈ ಮಾತು ಸರಿಯಲ್ಲ’ ಅಂತ ಕಾರಣ ಸಮೇತ ಬರೆದಿರುತ್ತಾರೆ. ಹಾಗಾಗಿ ನಾನು ಲೇಖನ ಓದಿದ ದಿನವೇ ಒಪ್ಪುವುದಿಲ್ಲ. ಉತ್ತರ ಬರಲಿ ಅಂತ ಕಾಯುತ್ತೇನೆ.

ಚುರುಮುರಿ ಬಗ್ಗೆ ಹೇಳಲೇಬೇಕು. ತೆಪರೇಸಿ, ದುಬ್ಬೀರ, ಗುಡ್ಡೆ ಅನ್ನುವ ಪಾತ್ರಗಳು ಚಾ ಅಂಗಡಿಯಲ್ಲಿ ಕೂತು ಮಂತ್ರಿಮಂಡಲ ಹಂಚುತ್ತಾರೆ. ಇನ್ನೊಂದು ದಿನ ತುರೇಮಣೆ ಅನ್ನುವ ಪಾತ್ರ ಬರುತ್ತದೆ. ನಗು ಬಂದರೂ ವಿಷಯ ಹಗುರ ಆಗುವುದಿಲ್ಲ. ಟಿ.ಎಸ್. ರಾಮಚಂದ್ರ ರಾವ್ ಅವರ ‘ಛೂ ಬಾಣ’ ಅಂಕಣ ಬರುತ್ತಿದ್ದ ಪತ್ರಿಕೆ ಇದು. ಅಧಿಕಾರದಲ್ಲಿ ಇರುವವರನ್ನು ಆಡುಮಾತಿನಲ್ಲಿ ಕೇಳುವ ರೂಢಿ ಇಲ್ಲಿ ಹಳೆಯದು. ಸುಮ್ನೆ ಹಾಸ್ಯ ಅಂತ ಇದನ್ನು ಬದಿಗಿಡಬಾರದು.

ಪತ್ರಿಕೆ ಶುರುವಾದದ್ದು 1948ರಲ್ಲಿ. ಇಷ್ಟು ಹಳೆಯ ಪತ್ರಿಕೆ ತನ್ನ ಕುರ್ಚಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಒಂದು ದಿನ ನನಗೆ ಚೆನ್ನಾಗಿ ನೆನಪಿದೆ. 2012ರ ಏಪ್ರಿಲ್ 14, ಅಂಬೇಡ್ಕರ್ ಜಯಂತಿ. ಅವತ್ತಿನ ಸಂಚಿಕೆಗೆ ದೇವನೂರ ಮಹಾದೇವ ಅತಿಥಿ ಸಂಪಾದಕರು. ಆ ಸಂಚಿಕೆಯನ್ನು ಎತ್ತಿಟ್ಟುಕೊಂಡವರು ಬಹಳ ಜನ. ಅಂಥ ದಿನಗಳು ಇನ್ನೂ ಬರಬೇಕು ಅನ್ನುವುದು ನನ್ನ ಆಸೆ. ರೈತರಿಗೆ ಒಂದು ದಿನ, ಪೌರಕಾರ್ಮಿಕರಿಗೆ ಒಂದು ದಿನ ಯಾಕೆ ಕೊಡಬಾರದು?

ಇಷ್ಟ ಆಗದ್ದೂ ಇದೆ. ಸಂಪಾದಕೀಯ ಕೆಲವು ಸಲ ‘ಸರ್ಕಾರ ಎಚ್ಚೆತ್ತುಕೊಳ್ಳಬೇಕು’ ಅನ್ನುವ ಧಾಟಿಯಲ್ಲಿ ಮುಗಿಯುತ್ತದೆ. ಯಾವ ಇಲಾಖೆ, ಯಾವಾಗ, ಏನು ಮಾಡಬೇಕು ಅಂತ ಹೇಳಿದರೆ ಮಾತಿಗೆ ಹರಿತ ಬರುತ್ತದೆ. ಮಾಧ್ಯಮದ ಬಗ್ಗೆ ಮಾಧ್ಯಮವೇ ಬರೆಯುವುದೂ ಕಡಿಮೆ. ಇದು ಈ ಪತ್ರಿಕೆಯೊಂದರ ಮಾತಲ್ಲ, ನಮ್ಮ ಎಲ್ಲ ಪತ್ರಿಕೆಗಳ ಮಾತು. 2009ರ ಲೋಕಸಭಾ ಚುನಾವಣೆಯಲ್ಲಿ ನಡೆದ ‘ಕಾಸಿಗಾಗಿ ಸುದ್ದಿ’, ಅಂದರೆ ದುಡ್ಡು ತೆಗೆದುಕೊಂಡು ಪ್ರಚಾರವನ್ನು ಸುದ್ದಿಯಂತೆ ಹಾಕುವ ದಂಧೆ, ಅದರ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿ ದೊಡ್ಡ ವರದಿ ಕೊಟ್ಟಿತ್ತು. ಆಮೇಲೆ ಎಷ್ಟೋ ಚುನಾವಣೆ ಬಂದು ಹೋದವು. ಓದುಗರ ಜೊತೆ ಈ ಮಾತು ಬಿಚ್ಚಿ ಆಡುವ ಪತ್ರಿಕೆ ಬೇಕು. ಸರ್ಕಾರದ ಜಾಹೀರಾತು ಮುಖಪುಟ ತುಂಬಿದ ದಿನ ಒಳಗಿನ ಪುಟದ ಟೀಕೆಯನ್ನು ಓದುಗರು ಎರಡು ಸಲ ಅಳೆದು ನೋಡುತ್ತಾರೆ. ಅದು ಪತ್ರಿಕೆಯವರಿಗೂ ಗೊತ್ತಿರಬೇಕು.

ಮೊಬೈಲಿನಲ್ಲಿ ಓದಿದರೆ ಒಂದು ನಷ್ಟ ಇದೆ. ಲೇಖನಗಳು ಬಿಡಿಬಿಡಿಯಾಗಿ ಬರುತ್ತವೆ. ಸಂಪಾದಕೀಯದ ಪಕ್ಕದಲ್ಲೇ ಅದಕ್ಕೆ ಒಪ್ಪದ ಪತ್ರ ಕಾಣುವ ಅನುಕೂಲ ಹೋಗುತ್ತದೆ. ಇ-ಪೇಪರ್‌ನಲ್ಲಿ ಪುಟ ಪೂರ್ತಿ ಸಿಗುತ್ತದೆ, ಹೊರದೇಶದಲ್ಲಿ ಇರುವವರಿಗೆ ನಾನು ಹೇಳುವುದು ಅದನ್ನೇ. ಕಣ್ಣು ಮಂದವಾದ ಹಿರಿಯರಿದ್ದರೆ ಸಂಪಾದಕೀಯವನ್ನು ಪಾಡ್‌ಕಾಸ್ಟ್‌ನಲ್ಲಿ ಕೇಳಿಸಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಹೊಸದಾಗಿ ತರಿಸುವವರು ಮೊದಲ ವಾರ ವಾಚಕರ ವಾಣಿಯಿಂದಲೇ ಶುರು ಮಾಡಿ, ಆಮೇಲೆ ಸಂಪಾದಕೀಯಕ್ಕೆ ಬನ್ನಿ. ಒಪ್ಪಿಗೆ ಆಗದ ಮಾತು ಕಂಡರೆ ನೀವೂ ನಾಲ್ಕು ಸಾಲು ಬರೆದು ಕಳಿಸಿ.