ಹಾಸನದಲ್ಲಿ ‘ದೊರೆ ಬಂಗಲೆಯ ಹಳೇ ಕ್ಲೈಂಬಿಂಗ್ ಸಾಮಾನು’ ತೋರಿಸಿದರೆ ದುಡ್ಡು ಕೊಡಬೇಡಿ

ಬಂಡೆ ಹತ್ತುವ ಹಳೇ ಸಾಮಾನು ಕೂಡಿಡುವ ಹುಚ್ಚಿರುವವರು ಹಾಸನ, ಚಿಕ್ಕಮಗಳೂರು ಕಡೆ ಬೆರಳೆಣಿಕೆಯಷ್ಟು ಜನ. ಅಷ್ಟೂ ಜನಕ್ಕೆ ಈ ಮನುಷ್ಯ ಫೋನ್ ಮಾಡಿ ಮುಗಿಸುವ ಮೊದಲು ಇದನ್ನು ಬರೆದು ಹಾಕುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಆದರೆ ಅವನು ಹೇಳುವ ಕಥೆ, ತೋರಿಸುವ ಸಾಮಾನು ಎರಡನ್ನೂ ಹೇಳುತ್ತೇನೆ. ನಿಮಗೆ ಫೋನ್ ಬಂದಿದ್ದರೆ ಓದಿದ ಕೂಡಲೇ ಗೊತ್ತಾಗುತ್ತದೆ.

ಕಥೆ ಇದು. ಸಕಲೇಶಪುರದ ಹತ್ತಿರ ಒಂದು ಕಾಫಿ ಎಸ್ಟೇಟು. ಅಲ್ಲಿದ್ದ ಬಿಳಿ ದೊರೆಗೆ ಬಂಡೆ ಹತ್ತುವ ಚಟ. 1950ರ ದಶಕದ ಕೊನೆಗೆ ತೋಟ ಮಾರಿ ಊರಿಗೆ ಹೋಗುವಾಗ ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆ ಬಿಟ್ಟು ಹೋದನಂತೆ. ಈಗ ಬಂಗಲೆಯ ಹೆಂಚು ಇಳಿಸುವಾಗ ಸಿಕ್ಕಿತಂತೆ. ಪೆಟ್ಟಿಗೆಯಲ್ಲಿ ಅಮೆರಿಕದ ಶ್ವಿನಾರ್ಡ್ ಕಂಪನಿಯ ಎರಡು ಲಾಸ್ಟ್ ಆ್ಯರೋ ಪಿಟಾನ್ (ಬಂಡೆಯ ಬಿರುಕಿಗೆ ಬಡಿಯುವ ಮೊಳೆ), ಎರಡು ಸ್ಟಾಪರ್ (ಬಿರುಕಿಗೆ ಸಿಕ್ಕಿಸುವ, ತಂತಿ ಕಟ್ಟಿದ ಲೋಹದ ಬೆಣೆ), ಒಂದು ವೈಲ್ಡ್ ಕಂಟ್ರಿ ಫ್ರೆಂಡ್ (ಸ್ಪ್ರಿಂಗಿನಿಂದ ಬಿಚ್ಚಿಕೊಂಡು ಬಿರುಕನ್ನು ಕಚ್ಚಿ ಹಿಡಿಯುವ ಸಾಧನ), ಜೊತೆಗೆ ಹಗ್ಗಕ್ಕೆ ಪೋಣಿಸಿದ ಕಬ್ಬಿಣದ ನಟ್‌ಗಳು. ಮೊದಲು ಇಪ್ಪತ್ತೆರಡು ಸಾವಿರ ಅಂದ. ಹದಿನೆಂಟಕ್ಕೆ ಇಳಿದ. ಮೂರು ಸಾವಿರ ಟೋಕನ್ ಫೋನಲ್ಲೇ ಹಾಕಿಸಿಕೊಂಡ. ‘ಬೆಂಗಳೂರಿನವರು ನಾಳೆ ಬೆಳಗ್ಗೆ ಕಾರು ತಗೊಂಡು ಬರ್ತಿದ್ದಾರೆ ಅಣ್ಣ, ನಿಮ್ಮ ಮುಖ ನೋಡಿ ಇಟ್ಟಿದ್ದೀನಿ’ ಅನ್ನುವ ಮಾತು ಬೇರೆ. ನನ್ನ ಮುಖವನ್ನು ಅವನು ಅದುವರೆಗೆ ನೋಡಿರಲೇ ಇಲ್ಲ.

ದೊರೆ ಹೋದದ್ದು ಐವತ್ತರ ದಶಕದಲ್ಲಿ. ಫ್ರೆಂಡ್ ಅನ್ನುವ ಸ್ಪ್ರಿಂಗ್ ಕ್ಯಾಮ್ ಮಾರಾಟಕ್ಕೆ ಬಂದದ್ದೇ 1978ರಲ್ಲಿ. ಅಮೆರಿಕದ ರೇ ಜಾರ್ಡೀನ್ ಕಂಡುಹಿಡಿದದ್ದು, ಇಂಗ್ಲೆಂಡಿನ ವೈಲ್ಡ್ ಕಂಟ್ರಿ ಮಾಡಿ ಮಾರಿದ್ದು. ಸ್ಟಾಪರ್ ಕೂಡ 1972ರ ಸುಮಾರಿನದು. ಇದನ್ನು ನಾನು ಫೋನಲ್ಲೇ ಕೇಳಿದೆ. ಅದಕ್ಕೂ ಉತ್ತರ ರೆಡಿ ಇತ್ತು. ‘ಅವರ ಮಗ ಆಮೇಲೆ ಒಂದು ಸಲ ಬಂದು ಇಟ್ಟು ಹೋದದ್ದು ಅಣ್ಣ.’

ಹಾಸನ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಬಾ ಅಂದ. ಮೂರು ಗಂಟೆ ಅಂದವನು ಬಂದದ್ದು ಕತ್ತಲಾಗುವ ಹೊತ್ತಿಗೆ. ನನಗೆ ಚಿಕ್ಕಮಗಳೂರಿಗೆ ವಾಪಸ್ ಬಸ್ ಹಿಡಿಯುವ ಗಡಿಬಿಡಿ, ಅವನಿಗೆ ಅದೇ ಬೇಕಿತ್ತು. ಫ್ರೆಂಡಿನ ನಡುವಿನ ದಂಡಕ್ಕೆ ಕಪ್ಪು ಟೇಪ್ ಸುತ್ತಿತ್ತು. ಬಿಚ್ಚಲು ಹೋದರೆ ಕೈ ಹಿಡಿದ. ‘ಬಿಚ್ಚಬೇಡಿ ಅಣ್ಣ, ಅದು ಆ ಕಾಲದಲ್ಲೇ ಸುತ್ತಿದ್ದು. ಬಿಚ್ಚಿದರೆ ಬೆಲೆ ಹೋಗುತ್ತೆ.’ ನೋಡಿ, ಎಷ್ಟು ಚೆನ್ನಾಗಿ ಕಲಿತಿದ್ದಾನೆ! ಹಳೇ ಸಾಮಾನನ್ನು ಉಜ್ಜಬಾರದು, ಬಿಚ್ಚಬಾರದು, ಇದ್ದ ಹಾಗೇ ಇಡಬೇಕು ಅಂತ ನಾವೇ ಎಲ್ಲರಿಗೂ ಹೇಳುವುದಲ್ವಾ? ನಮ್ಮ ಮಾತನ್ನೇ ನಮಗೆ ತಿರುಗಿಸಿ ಮಾರಿದ.

ಬಯಲಾದದ್ದು ಮಾರನೇ ದಿನ. ಅದೂ ಎಲ್ಲಿ, ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನಲ್ಲಿ.

ನನಗೆ ಆ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಆಸೆ ಹುಟ್ಟಿಸಿದ್ದು ಕಬ್ಬಿಣದ ನಟ್‌ಗಳು. ಐವತ್ತು, ಅರವತ್ತರ ದಶಕದಲ್ಲಿ ಬ್ರಿಟನ್ನಿನ ಕ್ಲೈಂಬರ್‌ಗಳು ರೈಲು ಹಳಿ ಪಕ್ಕ ಬಿದ್ದ ಯಂತ್ರದ ನಟ್ ಆರಿಸಿಕೊಂಡು, ಹಗ್ಗ ಕೊಯ್ಯದಿರಲಿ ಅಂತ ಒಳಗಿನ ಥ್ರೆಡ್ ಕೊರೆದು ತೆಗೆದು, ಸ್ಲಿಂಗ್, ಅಂದರೆ ಹಗ್ಗದ ಕುಣಿಕೆ, ಪೋಣಿಸಿ ಬಿರುಕಿಗೆ ಸಿಕ್ಕಿಸುತ್ತಿದ್ದರು. ಇವತ್ತಿಗೂ ನಾವು ಬಿರುಕಿಗೆ ಸಿಕ್ಕಿಸುವ ಅಲ್ಯೂಮಿನಿಯಂ ತುಂಡಿಗೆ ನಟ್ ಅಂತಲೇ ಕರೆಯುವುದು ಅದರಿಂದ. ಹತ್ತಲಿಕ್ಕೆಂದೇ ಮಾಡಿದ ಮೊದಲ ನಟ್, ಜಾನ್ ಬ್ರೈಲ್ಸ್‌ಫರ್ಡ್ ಅವರ ಏಕಾರ್ನ್, ಬಂದದ್ದು 1961ರಲ್ಲಿ. ಅದಕ್ಕಿಂತ ಹಿಂದಿನ ಕೈಕೆಲಸದ ನಟ್ ನನ್ನ ಕೈಲಿದೆ ಅಂತ ಹಿಗ್ಗಿ, ನಮ್ಮ ಮೆಕ್ಯಾನಿಕ್‌ಗೆ ತೋರಿಸಲು ಹೋದೆ. ಅಲ್ಲಿ ಇನ್ನೂ ನಾಲ್ಕು ಜನ ಕೂತಿದ್ದರು. ಅವರಿಗೂ ಈ ಕಥೆಯನ್ನೆಲ್ಲ ಹೇಳಿದೆ. ಇಂಗ್ಲೆಂಡು, ರೈಲು ಹಳಿ, ಎಲ್ಲ.

ಮೆಕ್ಯಾನಿಕ್ ಮಾತೇ ಆಡಲಿಲ್ಲ. ಪಕ್ಕದಲ್ಲಿದ್ದ 30ರ ಸ್ಪ್ಯಾನರ್ ತೆಗೆದು ನಟ್ ಮೇಲೆ ಇಟ್ಟ. ಸರಿಯಾಗಿ ಕೂತಿತು. ಎರಡನೆಯದಕ್ಕೆ ಇಟ್ಟ. ಅದೂ ಕೂತಿತು. ‘ಅಣ್ಣ, ಇದು ಇಪ್ಪತ್ತು ಎಂಎಂ ಬೋಲ್ಟಿನ ನಟ್ಟು. ನನ್ನ ಡಬ್ಬದಲ್ಲೇ ಒಂದು ಹಿಡಿ ಇದೆ, ಬೇಕಾ?’ ಅಂದ. ಆ ಕಾಲದ ಬ್ರಿಟಿಷ್ ನಟ್ ಆಗಿದ್ದರೆ ವಿಟ್‌ವರ್ತ್ ಅಳತೆ ಇರಬೇಕು, ಇಂಚಿನ ಲೆಕ್ಕ. ಇದು ಅಪ್ಪಟ ಮಿಲಿಮೀಟರ್. ತುದಿಯಲ್ಲಿ 8 ಅಂತ ಗ್ರೇಡ್ ಬೇರೆ ಒತ್ತಿದೆ, ಉಜ್ಜಿ ಅಳಿಸಿದರೂ ಪೂರ್ತಿ ಹೋಗಿಲ್ಲ. ಯಾವನೋ ಹಾರ್ಡ್‌ವೇರ್ ಅಂಗಡಿಯ ನಟ್ ತಂದು, ಡ್ರಿಲ್ ಹೊಡೆದು, ಉಪ್ಪು ನೀರಲ್ಲಿ ತುಕ್ಕು ಹಿಡಿಸಿ ದೊರೆಯ ತಲೆಗೆ ಕಟ್ಟಿದ್ದಾನೆ. ಶೆಡ್ಡಿನಲ್ಲಿದ್ದ ನಾಲ್ಕೂ ಜನ ನಕ್ಕರು. ಈಗಲೂ ಸಂತೆಯಲ್ಲಿ ಸಿಕ್ಕರೆ ‘ರೈಲು ಹಳಿ ಹೇಗಿದೆ’ ಅಂತ ಕೇಳುತ್ತಾರೆ ಮಾರಾಯ್ರೆ.

ಮನೆಗೆ ಬಂದು ಟೇಪ್ ಬಿಚ್ಚಿದೆ. ಒಳಗೆ ನುಣ್ಣಗೆ ಸಿಇ ಗುರುತು! ಯುರೋಪಿನಲ್ಲಿ ಇಂಥ ಸುರಕ್ಷಾ ಸಾಮಾನಿಗೆ ಸಿಇ ಹಾಕುವ ನಿಯಮ ಆದದ್ದೇ 1989ರಲ್ಲಿ, ಕಡ್ಡಾಯವಾದದ್ದು 1995ರಲ್ಲಿ. 1978ರ ಫ್ರೆಂಡ್ ಮೇಲೆ ಅದು ಬರಲು ಸಾಧ್ಯವೇ ಇಲ್ಲ. ಸ್ಟಾಪರ್ ತಂತಿಗೂ ಟೇಪ್ ಇತ್ತು, ಅದರ ಕೆಳಗೆ ಬ್ಲ್ಯಾಕ್ ಡೈಮಂಡ್ ಹೆಸರು. ಶ್ವಿನಾರ್ಡ್ ಕಂಪನಿ 1989ರಲ್ಲಿ ದಿವಾಳಿಗೆ ಅರ್ಜಿ ಹಾಕಿದ ಮೇಲೆ ಅಲ್ಲಿನ ಕೆಲಸಗಾರರು ಕೊಂಡು ಇಟ್ಟ ಹೆಸರು ಅದು. ಪಿಟಾನ್ ಎರಡಕ್ಕೂ ಮೈತುಂಬ ತುಕ್ಕು, ಶ್ವಿನಾರ್ಡ್ ಅನ್ನುವ ಅಕ್ಷರದ ಒಳಗೆ ಮಾತ್ರ ಹೊಳೆಯುವ ಲೋಹ. ತುಕ್ಕು ಹಿಡಿದ ಮೇಲೆ ಅಚ್ಚು ಹೊಡೆದರೆ ತಾನೇ ಹಾಗೆ ಕಾಣುವುದು. ಸ್ಲಿಂಗ್‌ಗಳು ಕಂದು ಬಣ್ಣಕ್ಕೆ ತಿರುಗಿದ್ದವು, ಹಳೇದು ಅಂತ ಖುಷಿಪಟ್ಟಿದ್ದೆ. ಬಿಸಿ ನೀರಿಗೆ ಹಾಕಿದರೆ ಘಮ್ಮಂತ ಡಿಕಾಕ್ಷನ್ ವಾಸನೆ. ಚಿಕ್ಕಮಗಳೂರಿನವನಿಗೆ ಕಾಫಿಯಲ್ಲೇ ಟೋಪಿ!

ಫೋನ್ ಮಾಡಿದೆ. ಸಿಇ ಬಗ್ಗೆ ಕೇಳಿದರೆ, ‘ಸಿಇ ಅಂದ್ರೆ ಕ್ಲೈಂಬಿಂಗ್ ಎಕ್ವಿಪ್‌ಮೆಂಟ್ ಅಣ್ಣ, ಎಲ್ಲದರ ಮೇಲೂ ಇರುತ್ತೆ.’ ಸ್ಟಾಪರ್ ಕೇಳಿದರೆ, ‘ಕಂಪನಿ ಒಂದೇ ಅಲ್ವಾ, ಹೆಸರು ತಾನೇ ಬೇರೆ.’ ಡಿಕಾಕ್ಷನ್ ಕೇಳಿದರೆ, ‘ಕಾಫಿ ಎಸ್ಟೇಟಿನಲ್ಲಿ ಇದ್ದದ್ದಲ್ವಾ ಅಣ್ಣ, ವಾಸನೆ ಬಂದೇ ಬರುತ್ತೆ.’ ದುಡ್ಡು ವಾಪಸ್ ಕೊಡು ಅಂದೆ. ‘ಟೇಪ್ ಬಿಚ್ಚಬೇಡಿ ಅಂತ ಹೇಳಿದ್ದೆ ತಾನೇ, ಬಿಚ್ಚಿದ ಮಾಲು ವಾಪಸ್ ಇಲ್ಲ.’ ಆಮೇಲೆ ಅವನ ಕಡೆಯಿಂದ ಒಂದು ಮೆಸೇಜ್ ಬಂತು: ‘ಹಳೇದು ಅಂದ್ರೆ ಹಳೇದೇ. ಬೇಕಿದ್ರೆ ಹತ್ತಿ ನೋಡಿ, ಇನ್ನೂ ಗಟ್ಟಿ ಇದೆ.’ ಅದಾದ ಮೇಲೆ ನಂಬರ್ ಬ್ಲಾಕ್.

ಈ ಕೊನೇ ಮಾತಿಗೇ ನನಗೆ ರಕ್ತ ಕುದಿಯುವುದು. ನನ್ನ ದುಡ್ಡು ಹೋಯಿತು, ಹೋಗಲಿ. ನಿಜವಾದ ಹಳೇ ಸಾಮಾನೂ ಗೋಡೆಗೆ ತೂಗುಹಾಕಲಿಕ್ಕೆ, ಹತ್ತಲಿಕ್ಕಲ್ಲ. ನೈಲಾನ್ ಸ್ಲಿಂಗ್ ಬಳಸದೇ ಇಟ್ಟರೂ ಹತ್ತು ವರ್ಷ ದಾಟಿದರೆ ಬಿಸಾಕಿ ಅಂತ ಮಾಡಿದ ಕಂಪನಿಗಳೇ ಹೇಳುತ್ತವೆ. ಇವನದು ಯಾವ ಕಾಲದ ಸ್ಲಿಂಗೋ, ಅದನ್ನು ಡಿಕಾಕ್ಷನ್ನಿನಲ್ಲಿ ಕುದಿಸಿದ್ದು ಬೇರೆ. ರಾಮನಗರಕ್ಕೆ ಹತ್ತಲು ಹೋಗುವ ಕಾಲೇಜು ಹುಡುಗರು ಕಡಿಮೆಗೆ ಸಿಕ್ಕಿತು ಅಂತ ಇದನ್ನು ತಗೊಂಡು ತೂಗಿದರೆ?

ಹಾಗಾಗಿ, ಟೇಪ್ ಇದ್ದರೆ ಬಿಚ್ಚಿಸಿ. ಬಿಚ್ಚಲ್ಲ ಅಂದರೆ ಎದ್ದು ಬನ್ನಿ. ಎಲ್ಲ ಮಗ್ಗುಲಿನ ಫೋಟೊ ಬಿಸಿಲಲ್ಲಿ ತೆಗೆಸಿ ತರಿಸಿಕೊಳ್ಳಿ, ಟೋಕನ್ ಮಾತು ಆಮೇಲೆ. ಸಂಜೆ ಹೊತ್ತು ಹೋಗಬೇಡಿ. 30ರ ಸ್ಪ್ಯಾನರ್ ಒಂದು ಜೇಬಲ್ಲಿರಲಿ, ತಮಾಷೆಗೆ ಹೇಳುತ್ತಿಲ್ಲ.

ಮೂಡಿಗೆರೆಯ ಒಬ್ಬರಿಗೆ ಮೊನ್ನೆ ಇನ್ನೊಂದು ಪೆಟ್ಟಿಗೆಯ ಫೋಟೊ ಬಂದಿದೆ. ಈ ಸಲ ದೊರೆ ಸಕಲೇಶಪುರದವನಲ್ಲ, ಕೊಪ್ಪದವನು. ಅವರು ಟೋಕನ್ ಇನ್ನೂ ಹಾಕಿಲ್ಲ. ನನ್ನ ಹತ್ತಿರ ಇರುವ ಸಾಮಾನಿನ ಫೋಟೊ ಯಾರಿಗೆ ಬೇಕೋ ಕೇಳಿ, ಹೋಲಿಸಿ ನೋಡಲು ಕಳಿಸುತ್ತೇನೆ.